ತುಟಿಬೊಟ್ಟು

ಮೊದಲ ಸಲ ತುಟಿ ಚುಚ್ಚಿಸಿಕೊಂಡಾಗ ನನಗೆ ಇಪ್ಪತ್ತೆರಡು ವರ್ಷ. ಮೂರನೆಯ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಕೆಳತುಟಿಯನ್ನು ಹೊರಳಿಸಿ ನೋಡಿದೆ. ಒಳಗಡೆ ಇರಬೇಕಾಗಿದ್ದ ಪುಟ್ಟ ಬಿಲ್ಲೆ ಕಾಣಲಿಲ್ಲ. ಅದಿದ್ದ ಜಾಗದಲ್ಲಿ ಕೆಂಪಗೆ ಉಬ್ಬಿದ ಮಾಂಸ, ಅದರ ನಡುವೆ ಸೂಜಿಮೊನೆಯಷ್ಟು ಕುಳಿ. ನಾಲಿಗೆಯಿಂದ ಒತ್ತಿದರೆ ಒಳಗೆ ಗಟ್ಟಿಯಾದದ್ದೇನೋ ತಾಗುತ್ತಿತ್ತು. ತುಟಿ ಬಿಲ್ಲೆಯನ್ನು ನುಂಗಿಬಿಟ್ಟಿತ್ತು.

ದಂತವೈದ್ಯೆಯೊಬ್ಬರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸಣ್ಣದಾಗಿ ಸೀಳಿ ಅದನ್ನು ಹೊರತೆಗೆದರು. ಎರಡು ಹೊಲಿಗೆ ಬಿತ್ತು. ಅವರು ಬೈಯಲಿಲ್ಲ. ತೆಗೆದ ಸ್ಟಡ್ಡನ್ನು ಹತ್ತಿಯ ಮೇಲಿಟ್ಟು ನನಗೆ ತೋರಿಸಿ, “ಇದರ ಕಡ್ಡಿ ನಿಮ್ಮ ತುಟಿಯ ದಪ್ಪಕ್ಕೇ ಸಾಲದು. ಬಾತುಕೊಂಡ ತುಟಿಗೆ ಎಲ್ಲಿ ಸಾಕಾಗಬೇಕು?” ಎಂದರು. ಅಲ್ಲಿಯವರೆಗೂ ನನ್ನ ಮೈಯೇ ಈ ಒಡವೆಯನ್ನು ಒಲ್ಲೆ ಎಂದಿದೆ ಎಂದುಕೊಂಡಿದ್ದೆ. ತಪ್ಪು ಕಡ್ಡಿಯ ಅಳತೆಯದು ಎಂದು ತಿಳಿದಾಗ ಸಮಾಧಾನವೂ ಸಿಟ್ಟೂ ಒಟ್ಟಿಗೇ ಆದವು.

ಒಂಬತ್ತು ವರ್ಷಗಳ ನಂತರ, ಕಳೆದ ಮಾಗಿಯಲ್ಲಿ, ಹಳೆಯ ಕಲೆಯಿಂದ ಸ್ವಲ್ಪ ದೂರದಲ್ಲಿ ಮತ್ತೆ ಚುಚ್ಚಿಸಿಕೊಂಡೆ. ಈ ಸಲ ಅದು ಮಾಯಿತು. ‘ಮಾಯುವುದು’ ಎಂಬ ನಮ್ಮ ಕ್ರಿಯಾಪದ ನನಗೆ ಬಹಳ ಇಷ್ಟ. ಗಾಯ ತಾನಾಗಿ ಮಾಯುತ್ತದೆ. ಅದನ್ನು ಯಾರೂ ಮಾಯಿಸುವುದಿಲ್ಲ. ಆ ಮೂರು ತಿಂಗಳಲ್ಲಿ ನಾನು ಮಾಡಿದ ಕೆಲಸವೆಂದರೆ ಹೆಚ್ಚಿನ ಮಟ್ಟಿಗೆ ಕೈ ಕಟ್ಟಿಕೊಂಡು ಕೂತದ್ದು. ಅದು ಎಷ್ಟು ಕಷ್ಟದ ಕೆಲಸ ಎಂದು ಯಾರೂ ನನಗೆ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಕಿವಿಗೆ ಎಷ್ಟೊಂದು ಹೆಸರುಗಳಿವೆ: ಓಲೆ, ಬೆಂಡೋಲೆ, ಬುಗುಡಿ, ಕೊಪ್ಪು, ಲೋಲಾಕು. ಮೂಗಿಗೆ ಮೂಗುತಿ, ಮೂಗುಬೊಟ್ಟು, ನತ್ತು, ಬುಲಾಕು. ತುಟಿಗೆ ಒಂದೂ ಇಲ್ಲ. ಮೆಕ್ಸಿಕೋದ ಆಸ್ಟೆಕ್ ಜನರ ನಹುಆಟ್ಲ್ ಭಾಷೆಯಲ್ಲಿ ತುಟಿಯ ಒಡವೆಗೆ ‘ತೆಂಟೆಟ್ಲ್’ ಎಂದು ಹೆಸರು. ತುಟಿಯ ಕಲ್ಲು ಎಂದರ್ಥ. ಅಲ್ಲಿ ಶ್ರೀಮಂತ ಮನೆತನದವರೂ ಯೋಧರೂ ಚಿನ್ನದಲ್ಲಿ, ಕಪ್ಪು ಗಾಜುಗಲ್ಲಿನಲ್ಲಿ ಮಾಡಿದ ತುಟಿಕಲ್ಲುಗಳನ್ನು ಧರಿಸುತ್ತಿದ್ದರು. ಇಥಿಯೋಪಿಯಾದ ಓಮೋ ಕಣಿವೆಯ ಮುರ್ಸಿ ಹೆಣ್ಣುಮಕ್ಕಳು ಕೆಳತುಟಿಗೆ ಮಣ್ಣಿನ ತಟ್ಟೆ ಹಾಕಿಕೊಳ್ಳುವ ಚಿತ್ರವನ್ನು ನೀವೂ ನೋಡಿರುತ್ತೀರಿ. ತಟ್ಟೆ ಬರುವುದು ಆಮೇಲೆ. ತುಟಿ ಸೀಳಿದ ಮೊದಲ ದಿನಗಳಲ್ಲಿ, ಗಾಯ ಮಾಯುವವರೆಗೆ, ಅಲ್ಲಿ ಮರದ ಪುಟ್ಟ ತುಂಡೊಂದು ಇರುತ್ತದೆ. ಇದನ್ನು ಓದಿದಾಗ ನನ್ನ ತಂಗಿಯ ಕಿವಿಯ ತೂತಿನಲ್ಲಿ ಅಜ್ಜಿ ಸಿಕ್ಕಿಸಿದ್ದ ಬೇವಿನ ಕಡ್ಡಿ ನೆನಪಾಯಿತು. ಎಲ್ಲಿಯ ಓಮೋ ಕಣಿವೆ, ಎಲ್ಲಿಯ ನಮ್ಮ ಮಂಡ್ಯದ ಹಳ್ಳಿ. ಮೈಗೆ ತೂತು ಮಾಡಿದರೆ ಮೈ ಅದನ್ನು ಮುಚ್ಚಲು ನೋಡುತ್ತದೆ, ಮುಚ್ಚದಂತೆ ಏನಾದರೂ ಇಡಬೇಕು ಎಂಬುದು ಎಲ್ಲ ಕಡೆಯ ಅಜ್ಜಿಯರಿಗೂ ಗೊತ್ತಿತ್ತು.

ತುಟಿಯ ಒಡವೆಗೆ ಹೆಸರಿಲ್ಲದಿದ್ದರೂ ಬಾಯಿಗೆ ಲೋಹ ಚುಚ್ಚಿಕೊಳ್ಳುವುದು ನಮ್ಮ ಸೀಮೆಗೆ ಹೊಸದಲ್ಲ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯ ಗ್ರಾಮದೇವತೆಗಳ ಹಬ್ಬದಲ್ಲಿ ಹರಕೆ ಹೊತ್ತವರು ಬಾಯಿಬೀಗ ಹಾಕಿಸಿಕೊಳ್ಳುತ್ತಾರೆ. ಸಲಾಕೆ ಒಂದು ಕೆನ್ನೆಯಿಂದ ಹೊಕ್ಕು ಇನ್ನೊಂದರಿಂದ ಹೊರಬರುತ್ತದೆ. ನಮ್ಮ ಊರಿನ ಹಬ್ಬದಲ್ಲಿ ಬೀಗ ಹಾಕಿಸಿಕೊಂಡ ಪಕ್ಕದ ಮನೆಯ ಅಣ್ಣ ಅದನ್ನು ತೆಗೆಸಿ, ಕೆನ್ನೆಗೆ ವಿಭೂತಿ ಒತ್ತಿಸಿಕೊಂಡು, ವಾರ ಕಳೆಯುವುದರೊಳಗೆ ಮುದ್ದೆ ನುಂಗುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಾಯಿಯ ಮಾಂಸಕ್ಕೆ ರಕ್ತದ ಹರಿವು ಬಹಳ. ಅದು ಬೇಗ ಕೂಡಿಕೊಳ್ಳುತ್ತದೆ. ಹಾಗಾದರೆ ತುಟಿಬೊಟ್ಟಿಗೇಕೆ ತಿಂಗಳುಗಟ್ಟಲೆ ಬೇಕು? ಹರಕೆಯವರು ಸಲಾಕೆಯನ್ನು ತೆಗೆದುಬಿಡುತ್ತಾರೆ, ಗಾಯ ಮುಚ್ಚಿಕೊಳ್ಳುತ್ತದೆ. ನಾವು ತೆಗೆಯುವುದಿಲ್ಲ. ಮುಚ್ಚಲಾಗದ ಮೈ ಬೇರೆ ದಾರಿ ಹುಡುಕುತ್ತದೆ. ಲೋಹದ ಸುತ್ತ ಚರ್ಮದ ಸಣ್ಣ ಸುರಂಗವನ್ನು ಕಟ್ಟತೊಡಗುತ್ತದೆ. ಹೊರಗಡೆ ಚರ್ಮ, ಒಳಗಡೆ ಲೋಳೆಪೊರೆ, ಎರಡೂ ತುದಿಗಳಿಂದ ಹೊಸ ಪದರ ಹುಟ್ಟಿ ನಡುವಿನ ಕಡೆಗೆ ಬೆಳೆಯುತ್ತಾ ಹೋಗುತ್ತದೆ. ಆದ್ದರಿಂದಲೇ ತುದಿಗಳು ಮೊದಲು ಮಾಯುತ್ತವೆ, ನಡುಭಾಗ ಕೊನೆಗೆ. ಕನ್ನಡಿಯಲ್ಲಿ ಎಲ್ಲವೂ ಸರಿಹೋಯಿತು ಎಂದು ಕಾಣುವ ಹೊತ್ತಿಗೆ ಒಳಗೆ ಇನ್ನೂ ಹಸಿ. ನನಗೆ ಈ ಒಂದು ಮಾತು ಇಪ್ಪತ್ತೆರಡರಲ್ಲಿ ತಿಳಿದಿದ್ದರೆ!

ಆಗ ಏನೇನು ತಪ್ಪಾಯಿತು ಎಂದು ಈಗ ಸ್ಪಷ್ಟವಾಗಿ ಹೇಳಬಲ್ಲೆ. ಅದು ಹುಬ್ಬು ತೀಡುವ, ಕೂದಲು ಕತ್ತರಿಸುವ ಅಂಗಡಿ. ಕಿವಿಗೆ ಬಳಸುವ ಗನ್ನಿನಿಂದಲೇ ತುಟಿಗೂ ಹೊಡೆದರು. ಗನ್ ಕತ್ತರಿಸುವುದಿಲ್ಲ. ಮೊಂಡು ಸ್ಟಡ್ಡನ್ನು ಸ್ಪ್ರಿಂಗಿನ ಬಲದಿಂದ ಮಾಂಸದೊಳಗೆ ನುಗ್ಗಿಸುತ್ತದೆ, ಸುತ್ತಲಿನ ಮಾಂಸ ಜಜ್ಜಿಹೋಗುತ್ತದೆ. ಅಂಥ ಗನ್ನುಗಳಲ್ಲಿ ಹೆಚ್ಚಿನವಕ್ಕೆ ಪ್ಲಾಸ್ಟಿಕ್ಕಿನ ಮೈ. ಅದನ್ನು ಆಟೋಕ್ಲೇವಿನಲ್ಲಿಟ್ಟು ಬಿಸಿ ಹಬೆಯಲ್ಲಿ ಶುದ್ಧ ಮಾಡಲಾಗುವುದಿಲ್ಲ, ಬರೀ ಸ್ಪಿರಿಟ್ಟಿನಲ್ಲಿ ಒರೆಸಿ ಸುಮ್ಮನಾಗುತ್ತಾರೆ. ಆ ಸ್ಟಡ್ ಕಿವಿಯ ಹಾಲೆಗೆಂದು ಮಾಡಿದ್ದು, ಅಷ್ಟೇ ಗಿಡ್ಡ. ಸಾಲದೆಂಬಂತೆ “ದಿನಕ್ಕೆ ನಾಲ್ಕು ಸಲ ತಿರುಗಿಸುತ್ತಿರಿ, ಇಲ್ಲದಿದ್ದರೆ ಅಂಟಿಕೊಳ್ಳುತ್ತದೆ” ಎಂದು ಹೇಳಿ ಕಳುಹಿಸಿದರು. ನಾನು ವಿಧೇಯಳಾಗಿ ತಿರುಗಿಸಿದೆ. ಒಂದೊಂದು ಸಲ ತಿರುಗಿಸಿದಾಗಲೂ ಆಗಷ್ಟೇ ಹುಟ್ಟಿದ ಎಳೆಯ ಪದರವನ್ನು ನಾನೇ ಹರಿದುಹಾಕುತ್ತಿದ್ದೆ.

ಎರಡನೆಯ ಸಲ ಸೂಜಿಗಿಂತ ಮೊದಲು ಪ್ರಶ್ನೆಗಳನ್ನು ಹಿಡಿದುಕೊಂಡು ಹೋದೆ. ಮೂರು ಸ್ಟುಡಿಯೋ ಸುತ್ತಿದೆ. ಒಂದು ಕಡೆ ಆಟೋಕ್ಲೇವ್ ಎಲ್ಲಿದೆ ಎಂದದ್ದಕ್ಕೆ ಮುಖ ಗಂಟಿಕ್ಕಿದರು, ಹಿಂದಿರುಗಿ ಬಂದೆ. ಮೂರನೆಯ ಕಡೆಯ ಹುಡುಗಿ ಕೇಳುವ ಮೊದಲೇ ಕರೆದು ತೋರಿಸಿದಳು. 121 ಡಿಗ್ರಿ ಸೆಲ್ಸಿಯಸ್ ಹಬೆ, ಒತ್ತಡ, ಹದಿನೈದು ನಿಮಿಷ. ಪೊಟ್ಟಣದ ಮೇಲಿನ ಗುರುತು ಬಣ್ಣ ಬದಲಾಯಿಸಿದೆಯೇ ಎಂದು ನೋಡಬೇಕು. ಸೂಜಿ ಒಬ್ಬರಿಗೆ ಒಂದೇ, ಒಮ್ಮೆ ಬಳಸಿದರೆ ನೇರ ಶಾರ್ಪ್ಸ್ ಡಬ್ಬಕ್ಕೆ, ಬಳಸಿದ ಸೂಜಿಗಳನ್ನು ಎಸೆಯುವ ಗಟ್ಟಿ ಡಬ್ಬ ಅದು. ಕೇಳಿದ್ದಕ್ಕೆ ಸಂತೋಷಪಡುವವರ ಬಳಿಯೇ ಚುಚ್ಚಿಸಿಕೊಳ್ಳಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ಲೋಹದ ವಿಷಯಕ್ಕೆ ಅಮ್ಮನಿಗೂ ನನಗೂ ಫೋನಿನಲ್ಲಿ ದೊಡ್ಡ ಚರ್ಚೆ ನಡೆಯಿತು. ಹಾಕಿಸಿಕೊಳ್ಳುವುದಾದರೆ ಚಿನ್ನದ್ದೇ ಹಾಕಿಸಿಕೋ, ಚಿನ್ನಕ್ಕೆ ಕೀವಾಗುವುದಿಲ್ಲ ಎಂಬುದು ಅವಳ ವಾದ. ಅಕ್ಕಸಾಲಿಗರು ಮನೆಗೇ ಬಂದು ಚಿನ್ನದ ತಂತಿಯಿಂದ ಕಿವಿ ಚುಚ್ಚುತ್ತಿದ್ದ ಕಾಲದವಳು ಅವಳು. ಅವಳ ಮಾತಿನಲ್ಲಿ ಹುರುಳಿದೆ. ಆದರೆ ನಮ್ಮ ಮನೆಗಳಲ್ಲಿ ಇರುವುದು 22 ಕ್ಯಾರೆಟ್ ಚಿನ್ನ, 916. ಅದು ಮೆದು. ಸುಲಭವಾಗಿ ಗೀರು ಬೀಳುತ್ತದೆ, ಆ ಗೀರುಗಳು ಹಸಿ ಗಾಯವನ್ನು ಕೆಣಕುತ್ತವೆ. ಹೊಸ ಗಾಯಕ್ಕೆ 14 ಅಥವಾ 18 ಕ್ಯಾರೆಟ್ಟಿನದಾದರೆ ಆದೀತು, ಅದರಲ್ಲಿ ಬೆರೆಸಿದ ಲೋಹದಲ್ಲಿ ನಿಕ್ಕಲ್ ಇರಬಾರದು. ಸರ್ಜಿಕಲ್ ಸ್ಟೀಲ್ ಎಂದು ಮಾರುವುದರಲ್ಲೂ ನಿಕ್ಕಲ್ ಇರುತ್ತದೆ, ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ. ಅಗ್ಗದ ಗಡಿಯಾರದ ಪಟ್ಟಿಯ ಕೆಳಗೆ ಮಣಿಕಟ್ಟಿನಲ್ಲಿ ತುರಿಕೆ ಏಳುತ್ತಿದ್ದರೆ ನೀವೂ ಆ ಸಾಲಿನವರಿರಬಹುದು. ನಾನು ಆರಿಸಿಕೊಂಡದ್ದು ಎಎಸ್‌ಟಿಎಂ ಎಫ್136 ಗುರುತಿನ ಟೈಟಾನಿಯಂ, ದೇಹದೊಳಗೆ ಕೂರಿಸುವ ಸಾಧನಗಳಿಗೆ ಬಳಸುವ ದರ್ಜೆಯದು. ಒಳಗಡೆ ಚಪ್ಪಟೆ ಬಿಲ್ಲೆ, ಹೊರಗಡೆ ಸಾಸಿವೆಗಿಂತ ತುಸು ದೊಡ್ಡ ಗುಂಡು, ನಡುವೆ 1.2 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ಕಡ್ಡಿ. ಕಡ್ಡಿಯ ಹೊರಮೈಯಲ್ಲಿ ಸ್ಕ್ರೂವಿನ ಎಳೆಗಳಿರಬಾರದು, ಇದ್ದರೆ ತೂತಿನೊಳಗೆ ಹಾಯುವಾಗ ಅರದಂತೆ ಕೆರೆಯುತ್ತವೆ. ಬೇಕಾದ್ದಕ್ಕಿಂತ ಉದ್ದ ಕಂಡರೂ ಮೊದಲ ಕಡ್ಡಿ ಹಾಗೆಯೇ ಇರಬೇಕು. ಬಾವು ಬಂದಾಗ ತುಟಿಗೆ ಜಾಗ ಬೇಕು. ನನ್ನ ಎರಡು ಹೊಲಿಗೆಗಳು ಕಲಿಸಿದ ಪಾಠ ಅದು.

ಚುಚ್ಚುವ ಮೊದಲು ಆ ಹುಡುಗಿ ಮಾಡಿದ ಒಂದು ಕೆಲಸ ನನ್ನ ಕಣ್ಣಿಗೆ ಕಟ್ಟಿದೆ. ಕೋಣೆಯ ದೀಪ ಆರಿಸಿ, ಪೆನ್ನಿನಷ್ಟು ಸಣ್ಣ ಟಾರ್ಚನ್ನು ತುಟಿಯ ಒಳಬದಿಗೆ ಹಿಡಿದು, ನನ್ನ ಕೈಗೆ ಕನ್ನಡಿ ಕೊಟ್ಟಳು. ತುಟಿ ದಾಳಿಂಬೆ ಕಾಳಿನಂತೆ ಕೆಂಪಗೆ ಬೆಳಗಿತು. ಅದರಲ್ಲಿ ಕಪ್ಪು ದಾರಗಳಂತೆ ರಕ್ತನಾಳಗಳು. “ಇದರ ಪಕ್ಕದಲ್ಲಿ ಹೋಗುತ್ತೇನೆ, ಇದನ್ನು ಮುಟ್ಟುವುದಿಲ್ಲ” ಎಂದು ನೇರಳೆ ಶಾಯಿಯಲ್ಲಿ ಚುಕ್ಕೆ ಇಟ್ಟಳು. ಸುಶ್ರುತ ಸಂಹಿತೆಯಲ್ಲಿ ಮಗುವಿನ ಕಿವಿ ಚುಚ್ಚುವ ವಿಧಾನ ಬರುತ್ತದೆ. ಎಡಗೈಯಿಂದ ಕಿವಿಯನ್ನು ಎಳೆದು ಹಿಡಿದು, ಸೂರ್ಯನ ಬೆಳಕು ಹಾದು ಕಾಣುವ ಜಾಗವನ್ನು ನೋಡಿ ಚುಚ್ಚಬೇಕು, ಅದು ದೈವವೇ ಮಾಡಿಟ್ಟ ರಂಧ್ರ ಎನ್ನುತ್ತದೆ ಆ ಗ್ರಂಥ. ರಕ್ತ ಹೆಚ್ಚು ಬಂದರೆ, ನೋವು ಹೆಚ್ಚಾದರೆ ಬೇರೆ ಕಡೆ ಚುಚ್ಚಿದೆ ಎಂದು ತಿಳಿಯಬೇಕು. ಆಮೇಲೆ ಹತ್ತಿಯ ಬತ್ತಿ ಇಟ್ಟು, ಎಣ್ಣೆ ಬಿಟ್ಟು, ಮೂರು ಮೂರು ದಿನಕ್ಕೆ ಬತ್ತಿಯನ್ನು ದಪ್ಪ ಮಾಡುತ್ತಾ ಹೋಗಬೇಕು. ಅಷ್ಟು ಹಿಂದಿನವರು ಸೂರ್ಯನಿಗೆ ಹಿಡಿದು ನೋಡಿದ್ದನ್ನೇ ಈ ಹುಡುಗಿ ಟಾರ್ಚಿಗೆ ಹಿಡಿದು ನೋಡುತ್ತಿದ್ದಾಳೆ ಎನಿಸಿ ನನ್ನ ಹೆದರಿಕೆ ಇಳಿದುಹೋಯಿತು. ಸೂಜಿ ಹೊಕ್ಕದ್ದು ಒಂದು ಉಸಿರಿನಷ್ಟು ಹೊತ್ತು. ಕಣ್ಣಿನಲ್ಲಿ ನೀರು ಬಂತು, ರಕ್ತ ಒಂದು ಹನಿ.

ಇನ್ನು ಮುಂದಿನದು ನಿಜವಾದ ಕೆಲಸ.

ಬಾವು ಎರಡನೆಯ ದಿನ ಏರಿತು, ನಾಲ್ಕನೆಯ ದಿನದವರೆಗೂ ಇತ್ತು. ಐಸ್ ಚೂರುಗಳನ್ನು ಬಾಯಲ್ಲಿಟ್ಟು ಕರಗಿಸುತ್ತಿದ್ದೆ, ತಲೆದಿಂಬು ಎತ್ತರಿಸಿ ಮಲಗುತ್ತಿದ್ದೆ. ಖಾರವಿಲ್ಲದ ಮೊಸರನ್ನ, ತಣ್ಣಗಿನ ರಾಗಿ ಅಂಬಲಿ, ಹಿಸುಕಿದ ಬಾಳೆಹಣ್ಣು. ಕಾಫಿ ಉಗುರುಬೆಚ್ಚಗಾದ ಮೇಲೆ. ಮೊದಲ ಸಂಜೆ ಸ್ಟೀಲ್ ಲೋಟವನ್ನು ತುಟಿಗೆ ಇಟ್ಟಾಗ ಗುಂಡು ಅಂಚಿಗೆ ತಾಗಿ ‘ಟಿಣ್’ ಎಂದಿತು, ನೋವು ಹಲ್ಲಿನ ಬೇರಿನವರೆಗೂ ಇಳಿಯಿತು. ಅಂದಿನಿಂದ ತುತ್ತನ್ನು ಸಣ್ಣದು ಮಾಡಿ, ಬಾಯಿಯ ಬದಿಗಿಟ್ಟು, ನಿಧಾನವಾಗಿ ಉಣ್ಣುವುದನ್ನು ಕಲಿತೆ. ಕೈಯಿಂದ ಉಣ್ಣುವ ನಮಗೆ ಇನ್ನೊಂದು ಎಚ್ಚರ ಬೇಕು. ಬೆರಳು ತುಟಿಗೆ ತಾಗುತ್ತದೆ, ಬೆರಳಿನಲ್ಲಿ ಉಪ್ಪಿನಕಾಯಿಯ ಎಣ್ಣೆ ಇರುತ್ತದೆ. ಮೊದಲ ಮೂರು ವಾರ ಚಮಚ ಹಿಡಿದೆ. ಸಿಗರೇಟು, ಎಲೆಅಡಿಕೆ, ಮದ್ಯ, ಮುತ್ತು ಯಾವುದೂ ಗಾಯ ಮಾಯುವವರೆಗೆ ಕೂಡದು.

ಹೊರಗಡೆಗೆ ದಿನಕ್ಕೆ ಎರಡು ಸಲ ಸಲೈನ್, ಔಷಧಿ ಅಂಗಡಿಯ ಸ್ಟೆರೈಲ್ ಸಲೈನ್, ಶೇಕಡಾ 0.9 ಉಪ್ಪಿನದು, ಬೇರೇನೂ ಬೆರೆಸದ್ದು. ಮನೆಯಲ್ಲಿ ಉಪ್ಪು ಕಲಸಿದರೆ ಸಾಲದೇ ಎಂದು ಅಕ್ಕ ಕೇಳಿದಳು. ಸಾಲದು ಎಂದೇನಲ್ಲ, ಕೈ ಅಳತೆಯಲ್ಲಿ ಉಪ್ಪು ಹೆಚ್ಚಾಗಿಬಿಡುತ್ತದೆ, ಹೆಚ್ಚಾದ ಉಪ್ಪು ಎಳೆಯ ಚರ್ಮವನ್ನು ಒಣಗಿಸಿ ಬಿರಿಯಿಸುತ್ತದೆ. ಒಳಗಡೆಗೆ ಪ್ರತಿ ಊಟದ ನಂತರ ಶುದ್ಧ ನೀರಿನಲ್ಲಿ ಅರ್ಧ ನಿಮಿಷ ಮುಕ್ಕಳಿಸುವುದು, ಮಲಗುವ ಮೊದಲು ಆಲ್ಕೋಹಾಲ್ ಇಲ್ಲದ ಮೌತ್‌ವಾಶ್. ಕ್ಲೋರ್‌ಹೆಕ್ಸಿಡಿನ್ ಇರುವುದನ್ನು ವೈದ್ಯರು ಹೇಳದೆ ವಾರಗಟ್ಟಲೆ ಬಳಸಬೇಡಿ, ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಹೊಸ ಮೆದು ಬ್ರಷ್. ಒರೆಸಲು ಟವೆಲ್ ಬೇಡ, ಅದರ ಎಳೆ ಗುಂಡಿಗೆ ಸಿಕ್ಕಿಕೊಳ್ಳುತ್ತದೆ; ಕಾಗದದ ಕರವಸ್ತ್ರ ಸಾಕು.

ಅರಿಸಿನ ಮತ್ತು ಕೊಬ್ಬರಿ ಎಣ್ಣೆಯ ಬಗ್ಗೆ ಹೇಳಲೇಬೇಕು. ಊರಿನಿಂದ ಸಣ್ಣ ಸೀಸೆಯಲ್ಲಿ ಅಮ್ಮ ಅದನ್ನು ಕಳುಹಿಸಿದ್ದಳು, ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ರಬ್ಬರ್ ಹಾಕಿ. ನಾನು ಹಚ್ಚಿಕೊಳ್ಳಲಿಲ್ಲ. ಗಾಯದಿಂದ ರಸಿಕೆ ಹೊರಬರಬೇಕು, ಗಾಳಿಯಾಡಬೇಕು. ಎಣ್ಣೆಯಾಗಲಿ ಮುಲಾಮಾಗಲಿ ದಾರಿಯನ್ನು ಕಟ್ಟುತ್ತದೆ, ಅರಿಸಿನದ ಪುಡಿ ತೂತಿನೊಳಗೆ ಕೂರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಇನ್ನೂ ಕೆಟ್ಟವು, ಹುಟ್ಟುತ್ತಿರುವ ಜೀವಕೋಶಗಳನ್ನೇ ಸುಡುತ್ತವೆ. ಆದರೂ ಆ ಸೀಸೆಯನ್ನು ಎಸೆಯಲು ಮನಸ್ಸು ಬರಲಿಲ್ಲ. ಅಮ್ಮನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಿನ್ನ ತುಟಿಬೊಟ್ಟಿಗೆ ಬರೀ ಉಪ್ಪುನೀರೇ?” ಎಂದಳು. ಆ ಪದವನ್ನು ಅವಳು ಆಗಲೇ ಕಟ್ಟಿದ್ದು, ಮೂಗುಬೊಟ್ಟಿನ ಪಕ್ಕದಲ್ಲಿ ತಂದಿಟ್ಟ ಹಾಗೆ. ಎರಡು ತಿಂಗಳಿಂದ ಅದನ್ನು ‘ಆ ಮೊಳೆ’ ಎನ್ನುತ್ತಿದ್ದವಳು ಅವಳೇ. ನಾನು ಉತ್ತರ ಕೊಡಲು ತಡಮಾಡಿದೆ, ಗಂಟಲು ಕಟ್ಟಿತ್ತು.

ಗುಂಡಿನ ಸುತ್ತ ಬೆಳಿಗ್ಗೆ ಏಳುವಾಗ ನಸುಹಳದಿ ಹಕ್ಕಳೆ ಕಟ್ಟುತ್ತಿತ್ತು. ಅದು ಕೀವಲ್ಲ, ಒಣಗಿದ ರಸಿಕೆ. ಉಗುರಿನಿಂದ ಕೀಳಬಾರದು, ಸಲೈನಿನಲ್ಲಿ ನೆನೆದರೆ ತಾನೇ ಬಿಡುತ್ತದೆ. ಕೀವು ಬೇರೆ: ದಪ್ಪ, ಹಸಿರು ಇಲ್ಲವೇ ಗಾಢ ಹಳದಿ, ವಾಸನೆ, ಸುತ್ತ ಹರಡುತ್ತಾ ಹೋಗುವ ಕೆಂಪು, ಬಿಸಿ, ಜ್ವರ. ಹಾಗಾದರೆ ಅಂದೇ ವೈದ್ಯರ ಬಳಿ ಹೋಗಿ. ಒಡವೆಯನ್ನು ಮಾತ್ರ ನೀವೇ ಕಿತ್ತುಹಾಕಬೇಡಿ. ತೂತು ಮುಚ್ಚಿಕೊಂಡರೆ ಕೀವು ಒಳಗೇ ಉಳಿದು ಕುರುವಾಗಬಹುದು.

ಮೂರನೆಯ ವಾರ ಅತ್ಯಂತ ಅಪಾಯದ ವಾರ ಎಂದು ನನ್ನ ಅನುಭವ. ನೋವಿಲ್ಲ, ಬಾವಿಲ್ಲ, ಮರೆವು ಬರುತ್ತದೆ. ಬಾವು ಇಳಿದ ತುಟಿಯಲ್ಲಿ ಉದ್ದದ ಕಡ್ಡಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ನಾಲಿಗೆಗೆ ಹೊಸ ಆಟಿಕೆ ಸಿಕ್ಕಿದಂತಾಗುತ್ತದೆ. ಕಚೇರಿಯಲ್ಲಿ ಯೋಚನೆಯಲ್ಲಿದ್ದಾಗ ನಾನು ಬಿಲ್ಲೆಯನ್ನು ಹಲ್ಲಿಗೆ ಒತ್ತಿ ಒತ್ತಿ ಬಿಡುತ್ತಿದ್ದೆ. ಪಕ್ಕದಲ್ಲಿ ಕೂರುವ ಗೆಳತಿ ಆ ಸಣ್ಣ ಶಬ್ದ ಕೇಳಿ ಹೇಳುವವರೆಗೂ ನನಗೆ ಗೊತ್ತೇ ಇರಲಿಲ್ಲ. ಲೋಹ ಹಲ್ಲಿನ ಹೊಳಪಿನ ಪದರವನ್ನು ಬಿರುಕುಗೊಳಿಸುತ್ತದೆ. ವಸಡು ಉಜ್ಜಿಉಜ್ಜಿ ಕೆಳಗೆ ಸರಿಯುತ್ತದೆ. ಸರಿದ ವಸಡು ತಾನಾಗಿ ಮತ್ತೆ ಮೇಲೆ ಬರುವುದಿಲ್ಲ. ಇಡೀ ವಿಷಯದಲ್ಲಿ ಸುಲಭವಾಗಿ ತಿದ್ದಿಕೊಳ್ಳಲು ಆಗದ ನಷ್ಟವೆಂದರೆ ಇದೇ. ಆದ್ದರಿಂದ ಬಾವು ಇಳಿದ ಮೇಲೆ ಅದೇ ಸ್ಟುಡಿಯೋಗೆ ಹೋಗಿ ಕಡ್ಡಿಯನ್ನು ಗಿಡ್ಡ ಮಾಡಿಸಿಕೊಳ್ಳಬೇಕು. ನಾಲ್ಕನೆಯ ವಾರದ ಕೊನೆಯಲ್ಲಿ ನನ್ನದು 10ರಿಂದ 8 ಮಿಲಿಮೀಟರಿಗೆ ಇಳಿಯಿತು. ಎರಡೇ ಮಿಲಿಮೀಟರ್, ಆದರೆ ಬಾಯಿಗೆ ಮನೆಯ ದೊಡ್ಡ ಪೆಟ್ಟಿಗೆಯೊಂದನ್ನು ಹೊರಗೆ ಸಾಗಿಸಿದಷ್ಟು ಹಗುರ.

ಐದನೆಯ ವಾರ ಬಸ್ಸಿನಿಂದ ಇಳಿಯುವಾಗ ಯಾರದೋ ಚೀಲ ತುಟಿಗೆ ಬಡಿಯಿತು. ಮರುದಿನ ತೂತಿನ ಅಂಚಿನಲ್ಲಿ ಕೆಂಪು ಗುಳ್ಳೆ. ಕೆಲಾಯ್ಡ್, ಅಂದರೆ ಉಬ್ಬಿ ಬೆಳೆಯುವ ಗಾಯದ ಕಲೆ, ಇರಬೇಕು ಎಂದು ಹೆದರಿ ರಾತ್ರಿಯಿಡೀ ಮೊಬೈಲಿನಲ್ಲಿ ಚಿತ್ರ ನೋಡಿದೆ. ಕೆಲಾಯ್ಡ್ ಗಾಯದ ಎಲ್ಲೆಯನ್ನು ದಾಟಿ ಬೆಳೆಯುತ್ತದೆ, ಹಾಗೆಯೇ ಉಳಿಯುತ್ತದೆ. ಕೆಣಕಿದ್ದರಿಂದ ಎದ್ದ ಗುಳ್ಳೆ ತೂತಿನ ಪಕ್ಕದಲ್ಲೇ ಇದ್ದು, ಕೆಣಕುವುದು ನಿಂತರೆ ಇಳಿಯುತ್ತದೆ. ನನ್ನದು ಇಳಿಯಿತು, ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನವೂ ಸಲೈನ್ ಬಿಟ್ಟು ಬೇರೇನನ್ನೂ ಹಚ್ಚದೆ ಇರುವುದಕ್ಕೆ ನಾನು ಪಟ್ಟ ಪಾಡು ಚುಚ್ಚಿಸಿಕೊಂಡ ನೋವಿಗಿಂತ ದೊಡ್ಡದು.

ಒಂದು ಬೇಸರವೂ ಇದೆ. ವರ್ಷಕ್ಕೆರಡು ಸಲ ರಕ್ತ ಕೊಡುತ್ತಿದ್ದೆ. ಚುಚ್ಚಿಸಿಕೊಂಡ ಮೇಲೆ ಹನ್ನೆರಡು ತಿಂಗಳು ನಮ್ಮ ದೇಶದಲ್ಲಿ ರಕ್ತದಾನ ಮಾಡುವಂತಿಲ್ಲ. ನಿಯಮ ಸರಿಯಾದದ್ದೇ. ಮೊದಲೇ ಗೊತ್ತಿದ್ದರೆ ಹಿಂದಿನ ವಾರ ಕೊಟ್ಟು ಬರುತ್ತಿದ್ದೆ.

ತುಟಿಗೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಎನ್ನುತ್ತಾರೆ, ಕೆಲವರಿಗೆ ಇನ್ನೂ ಹೆಚ್ಚು. ನನಗೆ ಹದಿಮೂರು ವಾರ ಹಿಡಿಯಿತು. ಆಮೇಲೂ ಬಿಚ್ಚಿ ತುಂಬ ಹೊತ್ತು ಇಡುವುದಿಲ್ಲ, ಬಾಯಿಯ ತೂತು ಬಹಳ ಬೇಗ ಕಿರಿದಾಗುತ್ತದೆ. ಆರು ತಿಂಗಳಿಗೊಮ್ಮೆ ಅದೇ ದಂತವೈದ್ಯೆಯ ಬಳಿ ಹೋಗಿ ವಸಡು ತೋರಿಸುತ್ತೇನೆ. ಹೋದ ಸಲ ಅವರು ಹಳೆಯ ಕಲೆಯನ್ನೂ ಹೊಸ ಗುಂಡನ್ನೂ ಬೆರಳಿನಿಂದ ಸರಿಸಿ ನೋಡಿ, ವಸಡಿನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡರು. ಅದು ಸರಿಯತೊಡಗಿದರೆ ತೆಗೆದುಬಿಡುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ.

ಈಗ ಚಿಕ್ಕಮ್ಮನ ಮಗಳಿಗೆ ಆಸೆಯಾಗಿದೆ. ಅವಳಿಗೂ ಇಪ್ಪತ್ತೆರಡು. ಮನೆಯ ಹತ್ತಿರದ ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಗನ್ನಿನಲ್ಲಿ ಹೊಡೆಯುತ್ತಾರಂತೆ, ಅರ್ಧ ನಿಮಿಷದ ಕೆಲಸವಂತೆ. ನನ್ನ ಕೆಳತುಟಿಯನ್ನು ಹೊರಳಿಸಿ ಒಳಗಿನ ಎರಡು ಹೊಲಿಗೆಯ ಬಿಳಿ ಗೆರೆಯನ್ನು ತೋರಿಸಿದೆ. ಬಹಳ ಹೊತ್ತು ನೋಡಿದಳು. ಶನಿವಾರ ಆ ಟಾರ್ಚಿನ ಹುಡುಗಿಯ ಬಳಿ ಜೊತೆಗೆ ಹೋಗುತ್ತಿದ್ದೇವೆ. ಅವಳಿಗೆಂದು ಎರಡು ಬಾಟಲಿ ಸಲೈನ್, ಒಂದು ಮೆದು ಬ್ರಷ್ ತಂದಿಟ್ಟಿದ್ದೇನೆ, ಅಮ್ಮನ ಸೀಸೆಯ ಪಕ್ಕದಲ್ಲಿ.